ಕಾಲು ಜಾರಿದ ಮೆಟ್ಟಿಲು: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಮೊನ್ನೆ ಹಾಸ್ಟೆಲ್ ಮೆಟ್ಟಿಲಲ್ಲಿ ಕಾಲು ಜಾರಿತು, ಹೇಗೋ ಕಂಬಿ ಹಿಡಿದುಕೊಂಡೆ, ಆದರೆ ರೂಮಿಗೆ ಹೋಗಿ ಕೂತ ಮೇಲೂ ಎಷ್ಟೋ ಹೊತ್ತು ಕೈ ನಡುಗುತ್ತಲೇ ಇತ್ತು ಅಂದೆಯಲ್ಲ. ಅದರ ಹಿಂದೆಯೇ ಪರೀಕ್ಷೆಯ ಗೋಳು: ನರಮಂಡಲ ಒಂದು ಪಾಠ, ರಸವನ್ನು ನೇರವಾಗಿ ರಕ್ತಕ್ಕೇ ಬಿಡುವ ನಿರ್ನಾಳ ಗ್ರಂಥಿಗಳು ಇನ್ನೊಂದು ಪಾಠ, ಎರಡೂ ತಲೆಗೆ ಹತ್ತುತ್ತಿಲ್ಲ ಅಂತ. ಫೋನ್ ಇಟ್ಟ ಮೇಲೆ ನನಗೆ ನಗು ಬಂತು. ಆ ಮೆಟ್ಟಿಲು ನಿನಗೆ ಎರಡು ಪಾಠವನ್ನೂ ಒಟ್ಟಿಗೇ ಮಾಡಿಬಿಟ್ಟಿತ್ತು ಕಣೇ.

ಕಂಬಿ ಹಿಡಿಯಬೇಕು ಅಂತ ನೀನು ಯೋಚನೆ ಮಾಡಿದೆಯಾ? ಮೈ ವಾಲಿದ ಸುದ್ದಿ ಒಳಗಿವಿಯಿಂದ ಮಿದುಳಿನ ಬುಡಕ್ಕೆ ಹೋಗಿ, ಬೆನ್ನುಹುರಿಗುಂಟ ಇಳಿದು ಸ್ನಾಯುಗಳನ್ನು ಮುಟ್ಟಿತ್ತು. 'ಅಯ್ಯೋ' ಅನ್ನುವ ಅರಿವು ನಿನಗೆ ಬಂದದ್ದು ಆಮೇಲೆ. ಮಯಲಿನ್ ಎಂಬ ಕೊಬ್ಬಿನ ಹೊದಿಕೆ ದಪ್ಪಗಿರುವ ನರತಂತುಗಳಲ್ಲಿ ಸಂದೇಶ ಸೆಕೆಂಡಿಗೆ 100 ಮೀಟರ್ ದಾಟಿ ಓಡಬಲ್ಲದು. ಹೊದಿಕೆಯೇ ಇಲ್ಲದ ಸಣ್ಣ ತಂತುಗಳಲ್ಲಿ ಹೆಚ್ಚುಕಡಿಮೆ 1 ಮೀಟರ್, ನಾವು ನಡೆಯುವಷ್ಟೇ. ಕಂಬಿಗೆ ತಾಗಿದ ಮೊಣಕೈ ಮೊದಲು ಚುರುಕ್ ಅಂದು, ಸ್ವಲ್ಪ ತಡೆದು ಮಂದವಾಗಿ ನೋಯತೊಡಗಿತಲ್ಲ? ಮೊದಲಿನದನ್ನು ತಂದದ್ದು ತೆಳು ಹೊದಿಕೆಯ ತಂತು, ಎರಡನೆಯದನ್ನು ತಂದದ್ದು ಬತ್ತಲೆ ತಂತು. ಕಪಾಲ ನರಗಳು 12 ಜೊತೆ, ಬೆನ್ನುಹುರಿಯ ನರಗಳು 31 ಜೊತೆ. ಅವುಗಳ ಹೆಸರು ಬಾಯಿಪಾಠ ಮಾಡದೆ ಗತಿಯಿಲ್ಲ, ಅದರಲ್ಲಿ ನನ್ನ ಸಹಾಯ ಕೇಳಬೇಡ.

ಇನ್ನು ನಡುಕ. ಮೂತ್ರಪಿಂಡಗಳ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಯ ತಿರುಳಿಗೆ ನರಗಳೇ ನೇರವಾಗಿ ಬಂದು ಸೇರುತ್ತವೆ. ಅಲ್ಲಿನ ಕೋಶಗಳೂ ಹುಟ್ಟಿನಿಂದ ನರಕೋಶಗಳ ದಾಯಾದಿಗಳು. ಉದ್ದದ ತಂತು ಚಾಚುವುದನ್ನು ಬಿಟ್ಟು, ಅಡ್ರಿನಲಿನ್ ಅನ್ನು ರಕ್ತಕ್ಕೆ ಸುರಿಯುವ ಕಸುಬು ಹಿಡಿದವು, ಅಷ್ಟೇ. ನರದ ತುದಿಯಲ್ಲಿ ಬಿಟ್ಟ ರಾಸಾಯನಿಕವನ್ನು ಅಲ್ಲಲ್ಲೇ ತಕ್ಷಣ ಗುಡಿಸಿಹಾಕುವ ಏರ್ಪಾಡಿದೆ. ರಕ್ತಕ್ಕೆ ಬಿದ್ದದ್ದು ಮೈಯೆಲ್ಲ ಸುತ್ತಿ ನಿಮಿಷಗಳ ಲೆಕ್ಕದಲ್ಲಿ ಇಳಿಯುತ್ತದೆ. ಅದರ ಬೆನ್ನಿಗೇ ಅದೇ ಗ್ರಂಥಿಯ ಹೊರಪದರದಿಂದ ಬರುವ ಕಾರ್ಟಿಸಾಲ್ ಇನ್ನೂ ನಿಧಾನದ್ದು, ಗಂಟೆಗಟ್ಟಲೆ ಇರುತ್ತದೆ. ಹಾಗಾಗಿ ಭಯ ಹೋಗಿದ್ದರೂ ಕೈ ನಡುಗುತ್ತಿತ್ತು.

ಹಾಗಾದರೆ ಎರಡು ಪಾಠ ಯಾಕೆ ಮಾಡಿದರು ಅನ್ನುತ್ತೀಯ. ದೇಹದೊಳಗಿನ ಸುದ್ದಿಯೆಲ್ಲ ನರಗಳ ಮೂಲಕವೇ ಓಡಾಡುತ್ತದೆ ಎಂದು ಬಹಳ ಕಾಲ ನಂಬಿದ್ದರು. 1902ರಲ್ಲಿ ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಶರೀರವಿಜ್ಞಾನಿಗಳು ಒಂದು ನಾಯಿಯ ಸಣ್ಣ ಕರುಳಿನ ತುಂಡಿಗೆ ಹೋಗುವ ನರಗಳನ್ನೆಲ್ಲ ಕಡಿದು, ಅದರೊಳಗೆ ಆಮ್ಲ ಹಾಕಿದರು. ಆದರೂ ಮೇದೋಜೀರಕ ಗ್ರಂಥಿ ಜೀರ್ಣರಸ ಸುರಿಸಿತು. ಸುದ್ದಿ ರಕ್ತದಲ್ಲೇ ಹೋಗಿತ್ತು. ಹೊತ್ತೊಯ್ದ ವಸ್ತುವಿಗೆ ಸೆಕ್ರೆಟಿನ್ ಎಂದು ಹೆಸರಾಯಿತು. 1905ರಲ್ಲಿ ಸ್ಟಾರ್ಲಿಂಗ್ ಇಂಥವುಗಳಿಗೆಲ್ಲ 'ಹಾರ್ಮೋನ್' ಅಂದ. ನಿನ್ನ ಎರಡನೇ ಪಾಠ ಅಲ್ಲಿಂದ ಬೆಳೆದದ್ದು.

ಮಿದುಳಿನ ಕೆಳಗೆ ತೂಗುವ ಪಿಟ್ಯುಟರಿಯನ್ನು 'ಯಜಮಾನ ಗ್ರಂಥಿ' ಅಂತ ಬರೆದರೆ ಅಂಕ ಸಿಗಬಹುದು, ನನಗಂತೂ ಒಪ್ಪಿಗೆಯಿಲ್ಲ. ಬಟಾಣಿ ಕಾಳಿನಷ್ಟಿರುವ ಅದು, ಮೇಲಿರುವ ಹೈಪೋಥಾಲಮಸ್ ಹೇಳಿದಂತೆ ಕೇಳುತ್ತದೆ. ಹೈಪೋಥಾಲಮಸ್ ಮಿದುಳಿನದೇ ಭಾಗ. ಪಿಟ್ಯುಟರಿಯ ಹಿಂಬದಿಯಂತೂ ಅಲ್ಲಿಂದಲೇ ಇಳಿದು ಬಂದ ನರತಂತುಗಳಿಂದಾದದ್ದು.

ಹೋದ ಸಲ ನನ್ನ ರಿಪೋರ್ಟ್ ನೋಡಿ, 'ಅಮ್ಮಾ, ಟಿಎಸ್ಎಚ್ ಜಾಸ್ತಿ ಇದೆ, ನಿನ್ನ ಥೈರಾಯ್ಡ್ ಜೋರಾಗಿದೆ' ಅಂದಿದ್ದೆ, ನೆನಪಿದೆಯಾ? ನೀನು ತಿರುಗುಮುರುಗಾಗಿ ಓದಿದ್ದೆ. ಟಿಎಸ್ಎಚ್ ಅಂದರೆ ಥೈರಾಯ್ಡನ್ನು ಚುರುಕುಗೊಳಿಸುವ ಹಾರ್ಮೋನ್, ಅದು ಪಿಟ್ಯುಟರಿಯದು. ರಕ್ತದಲ್ಲಿ ಥೈರಾಯ್ಡಿನ ಹಾರ್ಮೋನ್ ಥೈರಾಕ್ಸಿನ್ ಕಡಿಮೆಯಾದಾಗ ಅದು ಥೈರಾಯ್ಡನ್ನು ಕೂಗಿ ಕರೆಯುತ್ತದೆ, ಗ್ರಂಥಿ ಓಗೊಡದಿದ್ದರೆ ಕೂಗು ಇನ್ನೂ ಜೋರಾಗುತ್ತದೆ. ನನ್ನ ಗ್ರಂಥಿ ಸೋಮಾರಿ, ಅದಕ್ಕೇ ಕೂಗು ಹೆಚ್ಚು. ಡಾಕ್ಟರು ಥೈರಾಕ್ಸಿನ್ ಮಾತ್ರೆ ಸ್ವಲ್ಪ ಏರಿಸಿ ಆರು ವಾರ ಬಿಟ್ಟು ಬನ್ನಿ ಅಂದರು. ನಾನು ಮರುವಾರವೇ ಲ್ಯಾಬಿಗೆ ಹೊರಟಿದ್ದೆ, ನಿನ್ನಪ್ಪ ತಡೆದರು. ರಕ್ತದಲ್ಲಿರುವ ಥೈರಾಕ್ಸಿನ್ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಹಾಗಿರುವಾಗ ಹೊಸ ಅಳತೆ ಒಂದು ನೆಲೆಗೆ ನಿಲ್ಲಲು ವಾರಗಳೇ ಹಿಡಿಯುತ್ತವೆ.

ತಿಂಗಳ ಕೊನೆಗೆ ಮತ್ತೆ ರಕ್ತ ಕೊಡಬೇಕು. ರಿಪೋರ್ಟ್ ಬಂದ ಕೂಡಲೇ ಫೋಟೋ ಕಳಿಸುತ್ತೇನೆ, ಓದಿ ನೀನೇ ನನಗೆ ಹೇಳು. ಮೊಣಕೈ ಊದಿದ್ದರೆ ಯಾರಿಗಾದರೂ ತೋರಿಸು.

ನಿನ್ನ
ಅಮ್ಮ