ಹೆದೆ ಎದೆಯಾದ ಬಗೆ

ಚಿರಂಜೀವಿ ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರದ ಒಂದು ಸಾಲು ಎರಡು ದಿನಗಳಿಂದ ನನ್ನನ್ನು ಬಿಟ್ಟಿಲ್ಲ. ತ್ರಿಕೋನಮಿತಿಯ ಸೈನ್ ಎಂದರೇನೆಂದೇ ತಿಳಿಯದೆ ಲೆಕ್ಕ ಮಾಡುತ್ತಿದ್ದೇನೆ, ಬಹುಶಃ ನನ್ನ ತಲೆ ಗಣಿತಕ್ಕೆ ಒಗ್ಗದ್ದು ಎಂದು ಬರೆದಿದ್ದೀಯೆ. ಆ ಪದದಲ್ಲಿ ಅರ್ಥ ಹುಡುಕಿ ನೀನು ಸೋತಿದ್ದರೆ ತಪ್ಪು ನಿನ್ನ ತಲೆಯದಲ್ಲ, ಪದದ್ದು.

ವೃತ್ತದ ಕಂಸವನ್ನು ಬಿಲ್ಲೆಂದುಕೊಂಡರೆ ಅದರ ತುದಿಗಳನ್ನು ಸೇರಿಸುವ ಗೆರೆಯೇ ಹೆದೆ, ಅಂದರೆ ನೀನು ಓದಿರುವ ಜ್ಯಾ. 499ರ ಆರ್ಯಭಟೀಯ ಅದರ ಅರ್ಧವನ್ನು ಲೆಕ್ಕಕ್ಕೆ ಹಿಡಿದು, ಕೋನ ಹೆಚ್ಚಿದಂತೆ ಆ ಅರ್ಧ ಬೆಳೆಯುವ 24 ವ್ಯತ್ಯಾಸಗಳನ್ನು ಒಂದೇ ಶ್ಲೋಕದಲ್ಲಿ ಅಡಗಿಸಿತು. ಜ್ಯಾದ ಇನ್ನೊಂದು ಹೆಸರಾದ ಜೀವಾ ಅರಬ್ಬಿಗೆ ಹೋಗಿ ಜೀಬ ಆಯಿತು. ಹ್ರಸ್ವ ಸ್ವರಗಳನ್ನು ಬರೆಯದ ಆ ಲಿಪಿಯಲ್ಲಿ ಅದೇ ಅಕ್ಷರಗಳನ್ನು ಜೈಬ್, ಅಂದರೆ ಉಡುಪಿನ ಎದೆಭಾಗದ ಮಡಿಕೆ, ಎಂದೂ ಓದಬಹುದಾಗಿತ್ತು. 12ನೆಯ ಶತಮಾನದ ಲ್ಯಾಟಿನ್ ಅನುವಾದಕರು ಹಾಗೆಯೇ ಓದಿ, ತಮ್ಮ ಭಾಷೆಯಲ್ಲಿ ಅದೇ ಅರ್ಥದ ಸೈನಸ್ ಎಂಬ ಪದವನ್ನಿಟ್ಟರು. ಅದೇ ನಿನ್ನ ಸೈನ್. ಕನ್ನಡದಲ್ಲಾದರೆ ಒಂದು ಹಕಾರ ಉದುರಿದರೆ ಸಾಕಿತ್ತು, ಹೆದೆ ಎದೆಯಾಗುತ್ತಿತ್ತು! ನಮ್ಮ ಜೇಬು ಕೂಡ ಆ ಜೈಬ್‌ನಿಂದಲೇ ಬಂದದ್ದು.

ನಿನ್ನ ಅಮ್ಮನೂ ಒಮ್ಮೆ ಇದನ್ನೇ ಕೇಳಿದ್ದಳು. ಅಭಿಮುಖ ಬಾಹುವನ್ನು ವಿಕರ್ಣದಿಂದ ಭಾಗಿಸು, ಹೆಚ್ಚು ಕೇಳಬೇಡ ಎಂದು ಗದರಿದೆ. ಅವಳು ಪುಸ್ತಕ ಮುಚ್ಚಿದಳು. ಮುಂದೆ ಗಣಿತವನ್ನೇ ಬಿಟ್ಟಳು. ನನಗೂ ಉತ್ತರ ಗೊತ್ತಿರಲಿಲ್ಲ ಎಂಬುದನ್ನು ಆಗ ಒಪ್ಪಿಕೊಂಡಿದ್ದರೆ ಎಂದು ಇಂದಿಗೂ ಅನಿಸುತ್ತದೆ. ಆದ್ದರಿಂದಲೇ ನಿನ್ನ ಆ ಸಾಲು ನನ್ನನ್ನು ಹೆದರಿಸಿತು.

ಸಲಹೆ ಕೊಡುವಷ್ಟು ಬಲ್ಲವನಲ್ಲ, ಆದರೂ ಒಮ್ಮೆ ಕೈವಾರ ಹಿಡಿ. ಕೇಂದ್ರದಲ್ಲಿ 60 ಡಿಗ್ರಿ ಕೋನ ಮಾಡಿ ಜ್ಯಾ ಎಳೆದರೆ ಅದು ತ್ರಿಜ್ಯದಷ್ಟೇ ಉದ್ದವಿರುತ್ತದೆ. ಅದನ್ನೂ ಕೋನವನ್ನೂ ಅರ್ಧಿಸಿದರೆ, ನೀನು ಬಾಯಿಪಾಠ ಮಾಡಿದ 30 ಡಿಗ್ರಿಯ ಸೈನ್, ಆ ಅರ್ಧ, ಕಾಗದದ ಮೇಲೆಯೇ ಕಾಣುತ್ತದೆ. ತ್ರಿಜ್ಯದೊಳಗೂ ಜ್ಯಾ ಇದೆ: ತಲಾ 30 ಡಿಗ್ರಿಯ ಮೂರು ರಾಶಿಗಳ, ಅಂದರೆ 90 ಡಿಗ್ರಿಯ, ಜ್ಯಾ. ಇಲ್ಲಿ ಜ್ಯಾ ಎಂದರೆ ಆರ್ಯಭಟೀಯದ ಆ ಅರ್ಧವೇ. ಕೊಸೈನ್ ಎಂದರೆ ಪೂರಕ ಕೋನದ ಸೈನ್, ಅಷ್ಟೇ. ಟ್ಯಾಂಜೆಂಟ್ ಮುಟ್ಟುವ ಗೆರೆ, ಸೀಕೆಂಟ್ ಕತ್ತರಿಸುವ ಗೆರೆ. 1583ರಲ್ಲಿ ಗಣಿತಜ್ಞ ಥಾಮಸ್ ಫಿಂಕೆ ಇಟ್ಟ ಈ ಹೆಸರುಗಳು ನಿನ್ನ ವೃತ್ತದ ಪಾಠದ ಸ್ಪರ್ಶಕ, ಛೇದಕಗಳೇ.

ಅರ್ಥ ಕೇಳುವ ತಲೆಯನ್ನು ಗಣಿತಕ್ಕೆ ಒಗ್ಗದ್ದೆಂದು ಇನ್ನೊಮ್ಮೆ ಬರೆಯಬೇಡ, ಪುಟ್ಟಿ. ಆ ಚಿತ್ರವನ್ನು ಅಮ್ಮನಿಗೂ ತೋರಿಸು. ಮಾವ ಹೇಳಿಕೊಟ್ಟರೆಂದು ಮಾತ್ರ ಹೇಳಬೇಡ.

ಇತಿ,
ನಿನ್ನ ಮಾವ