ಎಲ್ಲರ ಮೈಯೂ ಒಂದೇ ಅಚ್ಚಿನದಲ್ಲ

ಮಾನ್ಯರೇ,

ಜೂನ್ 21ರ ಯೋಗ ದಿನ ಬಂತೆಂದರೆ ಮೈದಾನಗಳಲ್ಲಿ ಸಾಲು ಸಾಲು ಚಾಪೆ, ಮೈಕಿನಲ್ಲಿ ಎಣಿಕೆ. ಎಣಿಕೆಗೆ ಸರಿಯಾಗಿ ಬಾಗಲಾಗದವರು ಮೆಲ್ಲಗೆ ಹಿಂದಿನ ಸಾಲಿಗೆ ಸರಿಯುತ್ತಾರೆ. ಮರುವರ್ಷ ಆ ಕಡೆ ಸುಳಿಯುವುದೇ ಇಲ್ಲ. ‘ನನ್ನ ಮೈಗೆ ಯೋಗ ಒಗ್ಗದು’ ಎಂಬ ಮಾತು ಹುಟ್ಟುವುದು ಇಲ್ಲೇ. ಕೊರತೆ ಇರುವುದು ಆ ಮೈಯಲ್ಲಲ್ಲ, ಕಲಿಸುವವರು ಹಿಡಿದ ಅಳತೆಗೋಲಿನಲ್ಲಿ.

ಮಂಡಿ ಮಡಿಸಿ ಹಿಮ್ಮಡಿಗಳ ಮೇಲೆ ಕೂರುವ ವಜ್ರಾಸನವನ್ನೇ ನೋಡಿ. ಪೃಷ್ಠ ಹಿಮ್ಮಡಿಗೆ ತಾಗದಿದ್ದರೆ ‘ಇನ್ನೂ ಕೂರಿ’ ಎಂದು ಹೆಗಲು ಒತ್ತುವ ಶಿಕ್ಷಕರಿದ್ದಾರೆ. ಒತ್ತಬಾರದು. ಹಿಮ್ಮಡಿಗಳ ನಡುವೆ ಗಟ್ಟಿ ದಿಂಬನ್ನೋ ಮಡಿಸಿದ ಕಂಬಳಿಯನ್ನೋ ಇಟ್ಟು ಅದರ ಮೇಲೆ ಕೂರಿಸಬೇಕು. ಪಾದದ ಮೇಲ್ಭಾಗ ಸೆಳೆದರೆ ಕಣಕಾಲಿನ ಕೆಳಗೆ ಸುರುಳಿ ಸುತ್ತಿದ ಟವೆಲ್. ತೊಡೆಯ ಮುಂಭಾಗ ಎಳೆದಂತಾದರೆ ಅದು ಸ್ನಾಯು, ತಾಳಿಕೊಳ್ಳಬಹುದು. ಮಂಡಿಯ ಒಳಗೆ ಚುಚ್ಚಿದರೆ ಎದ್ದು ಕುರ್ಚಿಗೆ ಹೋಗಬೇಕು.

ಎರಡೂ ಪಾದ ತೊಡೆಯ ಮೇಲೇರಿಸಿ ಕೂರುವ ಪದ್ಮಾಸನದ ಹಟ ಇದಕ್ಕಿಂತ ಅಪಾಯದ್ದು. ಅಲ್ಲಿ ತಿರುಗಬೇಕಾದ್ದು ಸೊಂಟದ ಕೀಲು. ತೊಡೆಮೂಳೆಯ ಕತ್ತಿನ ಕೋನ, ಅದರ ತಲೆ ಕೂರುವ ಗುಳಿಯ ಆಳ ಒಬ್ಬೊಬ್ಬರದು ಒಂದೊಂದು ಬಗೆ. ಬೆಳೆದ ಮೂಳೆಯ ಆಕಾರವನ್ನು ಎಷ್ಟು ವರ್ಷದ ಸಾಧನೆಯೂ ತಿದ್ದದು. ಸೊಂಟ ತಿರುಗದಿದ್ದರೂ ಕೈಯಿಂದ ಪಾದ ಎಳೆದು ತೊಡೆಯ ಮೇಲೇರಿಸಿದರೆ ಆ ತಿರುಚೆಲ್ಲ ಮಂಡಿಗೆ ಬೀಳುತ್ತದೆ. ಮಂಡಿಯಾದರೋ ಬಾಗಿಲ ಕೀಲಿನಂತೆ ಮಡಚಿಕೊಳ್ಳಲು ಹುಟ್ಟಿದ್ದು. ಒಳಗಿನ ಮೆನಿಸ್ಕಸ್ ಎಂಬ ಮೆತ್ತೆ ಹರಿಯುವುದು ಹೀಗೆ. ಸಾದಾ ಚಕ್ಕಳಮಕ್ಕಳ ಹಾಕಿ ಕೂರುವ ಸುಖಾಸನ ಸಾಕು. ಅದರಲ್ಲೂ ಮಂಡಿ ಸೊಂಟಕ್ಕಿಂತ ಮೇಲೆ ನಿಂತರೆ ಬೆನ್ನು ಗೂನಾಗುತ್ತದೆ. ಮೂರು ನಾಲ್ಕು ಅಂಗುಲ ಎತ್ತರಕ್ಕೆ ಕಂಬಳಿ ಮಡಿಸಿ ಅದರ ಅಂಚಿನಲ್ಲಿ ಕೂರಿ. ಮಂಡಿ ಸೊಂಟದ ಮಟ್ಟಕ್ಕೆ ಇಳಿಯುವ ತನಕ ಇನ್ನೊಂದು ಮಡಿಕೆ ಸೇರಿಸಿ. ‘ಸ್ಥಿರಸುಖಮಾಸನಂ’, ಆಸನ ಸ್ಥಿರವಾಗಿ ಸುಖವಾಗಿ ಇರಬೇಕು ಎಂದ ಯೋಗಸೂತ್ರದ ಪತಂಜಲಿ ಮರುಸೂತ್ರದಲ್ಲೇ ಪ್ರಯತ್ನ ಸಡಿಲಗೊಳ್ಳಲಿ ಎನ್ನುತ್ತಾರೆ.

ಈ ಕಂಬಳಿ, ಕುರ್ಚಿಗಳ ದಾರಿ ತೋರಿದವರು ನಮ್ಮ ನಾಡಿನವರೇ. 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯಗಳಿಂದ ಸೊರಗಿದ್ದರು. ಮೈಸೂರಿನಲ್ಲಿ ಭಾವ, ಯೋಗಗುರು ಕೃಷ್ಣಮಾಚಾರ್ಯರ ಬಳಿ ಕಲಿಯಲು ನಿಂತಾಗ ಅವರದು ಬಾಗಲೊಲ್ಲದ ಮೈ. ಇಟ್ಟಿಗೆಯಾಕಾರದ ಮರದ ತುಂಡು, ಬೆಲ್ಟು, ಹಗ್ಗಗಳಿಗೆ ಆಸನದಲ್ಲಿ ಜಾಗ ಕೊಟ್ಟವರು ಈ ಅಯ್ಯಂಗಾರ್. ಕಾಲಗಲಿಸಿ ನಿಂತು ಪಕ್ಕಕ್ಕೆ ಬಾಗುವ ತ್ರಿಕೋನಾಸನದಲ್ಲಿ ನೆಲ ಮುಟ್ಟಲೇಬೇಕೆಂದು ಹೊರಟರೆ ಎದೆ ನೆಲದತ್ತ ಮಗುಚಿ, ಪೃಷ್ಠ ಹಿಂದಕ್ಕೆ ಚಾಚುತ್ತದೆ. ಒಂಬತ್ತು ಅಂಗುಲದ ಆ ತುಂಡನ್ನು ಪಾದದ ಹೊರಬದಿಗೆ ನಿಲ್ಲಿಸಿ ಅಂಗೈ ಊರಿದರೆ ಎದೆ ತಾನಾಗಿ ತೆರೆಯುತ್ತದೆ. ತುಂಡಿಲ್ಲವೇ, ಕುರ್ಚಿಯ ಆಸನಭಾಗ ಆದೀತು. ಒಂಟಿ ಕಾಲಲ್ಲಿ ನಿಲ್ಲುವ ವೃಕ್ಷಾಸನದಲ್ಲಿ ಇನ್ನೊಂದು ಪಾದ ತೊಡೆಗೇರದಿದ್ದರೆ ಮೀನಖಂಡಕ್ಕೆ ಒರಗಿಸಿ. ಮಂಡಿಯ ಪಕ್ಕಕ್ಕೆ ಮಾತ್ರ ಒತ್ತಬೇಡಿ.

ಉಸಿರಿನದೂ ಇದೇ ಕತೆ. ಮೈಕಿನ ಎಣಿಕೆ ಹಿಂದೆ ಓಡುವವರು ಉಸಿರು ಬಿಗಿಹಿಡಿಯುತ್ತಾರೆ, ತಲೆ ಸುತ್ತಿದರೆ ಯೋಗವನ್ನು ದೂರುತ್ತಾರೆ. ಮೈಸೂರಿನ ಯೋಗಗುರು ಪಟ್ಟಾಭಿ ಜೋಯಿಸರ ಶಾಲೆಯಿಂದ ಜಗತ್ತಿಗೆ ಹಬ್ಬಿದ ‘ಮೈಸೂರು ಶೈಲಿ’ಯಲ್ಲಿ ಒಂದೇ ಕೋಣೆಯಲ್ಲಿದ್ದರೂ ಅವರವರ ಉಸಿರಿಗೆ ಅವರವರು ಸಾಗುತ್ತಾರೆ, ಗುರು ಒಬ್ಬೊಬ್ಬರ ಬಳಿ ಬರುತ್ತಾರೆ. ಹೊರದೇಶದವರು ಅದಕ್ಕೆ ನಮ್ಮೂರಿನ ಹೆಸರನ್ನೇ ಇಟ್ಟುಕೊಂಡಿದ್ದಾರೆ. ನಾವು ಕವಾಯತು ಹಿಡಿದಿದ್ದೇವೆ!

ಆಯುಷ್ ಸಚಿವಾಲಯದ ಯೋಗ ಶಿಷ್ಟಾಚಾರದ (ಯೋಗ ದಿನದ ಅಭ್ಯಾಸಕ್ರಮದ) ಪುಸ್ತಿಕೆಯಲ್ಲೇ ಆಸನಗಳ ಜೊತೆಗೆ ಯಾರು ಮಾಡಬಾರದು ಎಂಬ ಎಚ್ಚರಿಕೆಗಳಿವೆ. ವೇದಿಕೆಯಿಂದ ಅವನ್ನು ಮೊದಲು ಓದಲಿ. ಪ್ರಾತ್ಯಕ್ಷಿಕೆ ಕೊಡುವವರ ಪಕ್ಕದಲ್ಲೇ ಇನ್ನೊಬ್ಬರು ಅದೇ ಆಸನವನ್ನು ಕುರ್ಚಿ ಹಿಡಿದು ತೋರಿಸಲಿ. ಹತ್ತು ಚಾಪೆಗೊಂದು ಕೈಯಿಲ್ಲದ ಕಬ್ಬಿಣದ ಕುರ್ಚಿ ಸಾಕು. ಪ್ಲಾಸ್ಟಿಕ್ಕಿನದು ಬೇಡ, ಅದರ ಕಾಲು ಜಾರುತ್ತದೆ. ‘ಒಂದು, ಎರಡು’ ಬಿಟ್ಟು ‘ನಿಮ್ಮ ಐದು ಉಸಿರು’ ಎನ್ನಲಿ. ಕೆಲವರು ಬೇಗ ಮುಗಿಸುತ್ತಾರೆ, ಕೆಲವರು ತಡವಾಗಿ. ಡ್ರೋನ್ ಚಿತ್ರದಲ್ಲಿ ಸಾಲುಗಳು ಅಷ್ಟು ಒಪ್ಪವಾಗಿ ಕಾಣಲಿಕ್ಕಿಲ್ಲ.

– ಯೋಗ ಶಿಕ್ಷಕರು, ಮೈಸೂರು