ಎಂಟು ಗಂಟೆ ಉರಿಯುತ್ತದೆ ಎಂದು ಮಾರಿದ ಸೈಕಲ್ ಲೈಟ್ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಚಾರ್ಜಬಲ್ ಸೈಕಲ್ ಲೈಟ್‌ನ ಸುಳ್ಳು ಲೆಕ್ಕ ಮತ್ತು ವಾರಂಟಿ ನಿರಾಕರಣೆ

ಮಾನ್ಯರೇ,

ಆಲ್ದೂರಿನ ಸುತ್ತ ಮನೆಮನೆಗೆ ಪೇಪರ್ ಹಾಕುವುದು ನನ್ನ ಕೆಲಸ. ಬೆಳಕು ಹರಿಯುವ ಮುಂಚೆ ಸೈಕಲ್ ಹತ್ತಬೇಕು. ತೋಟದ ರಸ್ತೆಗಳಲ್ಲಿ ಬೀದಿದೀಪ ಇಲ್ಲ, ಮಳೆಗಾಲದಲ್ಲಿ ಮಂಜು ಬೇರೆ. ಹಾಗಾಗಿ ಚಿಕ್ಕಮಗಳೂರಿನ ನಿಮ್ಮ ಅಂಗಡಿಯಲ್ಲಿ ಮೊದಲೇ ಕೇಳಿದ್ದೆ: ಚಕ್ರ ತಿರುಗಿದಾಗ ಕರೆಂಟ್ ಹುಟ್ಟಿಸುವ ಡೈನಮೋ ಹಾಕಿಸಲೋ, ಚಾರ್ಜ್ ಮಾಡುವ ಲೈಟ್ ಕೊಳ್ಳಲೋ? ಡೈನಮೋ ಹಳೇ ಕಾಲದ್ದು, ಇದು ಎಂಟು ಗಂಟೆ ಉರಿಯುತ್ತೆ ಎಂದು ನಿಮ್ಮವರು ಇದನ್ನೇ ಕೊಟ್ಟರು.

ಡಬ್ಬಿಯ ಮೇಲೆ 1000 ಲುಮೆನ್ (ಬೆಳಕಿನ ಅಳತೆ), 8 ಗಂಟೆ, 1200 ಎಂಎಎಚ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಎಂದಿದೆ. ಈ ಮೂರೂ ಒಟ್ಟಿಗೆ ನಿಜವಾಗಲು ಸಾಧ್ಯವೇ ಇಲ್ಲ. ಲಿಥಿಯಂ ಸೆಲ್ 3.7 ವೋಲ್ಟ್‌ನದು. 1200 ಎಂಎಎಚ್ ಅಂದರೆ ಸುಮಾರು 4.4 ವ್ಯಾಟ್-ಅವರ್ ಅಷ್ಟೇ, ಒಂದು ವ್ಯಾಟ್‌ನ ದೀಪ ಸುಮಾರು ನಾಲ್ಕೂವರೆ ಗಂಟೆ ಉರಿಯುವಷ್ಟು. ಎಲ್‌ಇಡಿ ಒಂದು ವ್ಯಾಟ್‌ಗೆ ನೂರು ಲುಮೆನ್ ಕೊಡುತ್ತದೆ ಎಂದಿಟ್ಟುಕೊಂಡರೂ 1000 ಲುಮೆನ್‌ಗೆ 10 ವ್ಯಾಟ್ ಬೇಕು. ಆಗ ಬ್ಯಾಟರಿ ಅರ್ಧ ಗಂಟೆಯೂ ಬಾರದು. ನನಗೆ ಬಂದದ್ದೂ ಅಷ್ಟೇ. ಎಂಟು ಗಂಟೆ ಎನ್ನುವುದು ಮಿಣುಕುವ ಮೋಡ್‌ನ ಲೆಕ್ಕವಂತೆ, ಒಳಗಿನ ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದೀರಿ. ಮಿಣುಕಿದರೆ ಎದುರು ಬರುವ ಜೀಪಿನವರಿಗೆ ನಾನು ಕಾಣಬಹುದು. ನನಗೆ ಗುಂಡಿ ಕಾಣಬೇಡವೇ?

ಇನ್ನು ಚಾರ್ಜ್ ಮಾಡುವ ಮಾತು. ಆರಿದ್ರಾ ಮಳೆ ಹಿಡಿದಾಗ ಮರ ಬಿದ್ದು ತಂತಿ ಹರಿದರೆ ನಮ್ಮ ಕಡೆ ಎರಡು ಮೂರು ದಿನ ಕರೆಂಟ್ ಇಲ್ಲದಿರುವುದೂ ಉಂಟು. ಲೈಟ್ ಜಾಸ್ತಿ ಬೇಕಾಗುವುದೂ ಆಗಲೇ. ನಿಮ್ಮ ಲೈಟ್‌ನ ಸೆಲ್ ಬಿಚ್ಚಲು ಬರುವುದಿಲ್ಲ. ಬಿಚ್ಚುವಂತಿದ್ದರೆ ಚಾರ್ಜ್ ಮಾಡಿದ ಇನ್ನೊಂದು ಸೆಲ್ ಜೇಬಿನಲ್ಲಿಟ್ಟುಕೊಂಡು ಹೋಗುತ್ತಿದ್ದೆ.

ಡೈನಮೋಗೂ ತೊಂದರೆಗಳಿವೆ. ಟೈರಿಗೆ ಒತ್ತಿ ತಿರುಗುವ ಬಾಟಲಿ ಡೈನಮೋ ಮಳೆಯಲ್ಲಿ ಜಾರುತ್ತದೆ. ಏರಿನಲ್ಲಿ ನಿಧಾನವಾದರೆ ಬೆಳಕು ಮಂಕಾಗುತ್ತದೆ. ಆದರೆ ಹಬ್ ಡೈನಮೋ ಚಕ್ರದ ನಡುವಿನಲ್ಲೇ ಕೂತಿರುತ್ತದೆ, ಜಾರುವ ಮಾತೇ ಇಲ್ಲ. ಸಾಮಾನ್ಯವಾಗಿ 6 ವೋಲ್ಟ್, 3 ವ್ಯಾಟ್. ಈಗಿನ ಎಲ್‌ಇಡಿಗೆ ಅದು ಸಾಕು. ಸ್ವಲ್ಪ ಕರೆಂಟ್ ಹಿಡಿದಿಡುವ ಕೆಪಾಸಿಟರ್ ಇರುವ ಲೈಟಾದರೆ ಸೈಕಲ್ ನಿಂತ ಮೇಲೂ ಕೆಲವು ನಿಮಿಷ ಉರಿಯುತ್ತದೆ. ಬೆಲೆ ಜಾಸ್ತಿ, ಪೆಡಲ್ ಒಂಚೂರು ಭಾರ, ನಿಜ. ಆದರೆ ಘಟ್ಟದ ರಸ್ತೆಯಲ್ಲಿ ದೂರದವರೆಗೆ ಬೆಳಕು ಬೇಕಾಗುವುದು ಇಳಿಜಾರಿನಲ್ಲಿ, ಡೈನಮೋ ಚೆನ್ನಾಗಿ ಉರಿಯುವುದೂ ಅಲ್ಲೇ. ಯಾವ ಊರು, ಎಷ್ಟು ಹೊತ್ತಿಗೆ ಹೊರಡುತ್ತೀರಿ, ಕರೆಂಟ್ ಹೇಗೆ ಎಂದು ಕೇಳಿ ಇಷ್ಟನ್ನು ಹೇಳಬೇಕಿತ್ತು, ಅಲ್ವಾ?

ಈಗ ಲೈಟ್ ಚಾರ್ಜೇ ಆಗುತ್ತಿಲ್ಲ. ಚಾರ್ಜಿಂಗ್ ಪೋರ್ಟ್‌ನ ರಬ್ಬರ್ ಮುಚ್ಚಳ ಸಡಿಲವಾಗಿ ನೀರು ಹೋಗಿದೆ. ನೀರು ಹೋದರೆ ವಾರಂಟಿ ಇಲ್ಲ ಎಂದು ನಿಮ್ಮ ಸೇವಾ ಕೇಂದ್ರ ವಾಪಸ್ ಕಳಿಸಿತು. ಡಬ್ಬಿಯಲ್ಲಿ ಮಾತ್ರ ‘ಎಂಥ ಮಳೆಗೂ ಸೈ’ ಎಂದಿದೆ, ಪಕ್ಕದಲ್ಲೇ ಐಪಿಎಕ್ಸ್4 ಗುರುತು. ಆ ಗುರುತಿನ ಅರ್ಥ ನೀರು ಎರಚಿದರೆ ತಡೆಯುತ್ತದೆ ಎಂದಷ್ಟೇ. ಮಲೆನಾಡಿನ ಮಳೆಗೆ ಸೈ ಎಂದು ಹೇಳಿ ಮಾರಿದ ಮೇಲೆ, ಮಳೆ ನೀರು ಹೋಯಿತೆಂದು ಕೈ ತೊಳೆದುಕೊಳ್ಳುವುದು ಅನ್ಯಾಯ.

ಲೈಟ್‌ನ ಪೂರ್ತಿ ಹಣ ವಾಪಸ್ ಕೊಡಿ. ಡಬ್ಬಿಯ ಮೇಲೆ ಪ್ರತಿ ಮೋಡ್‌ಗೂ ಎಷ್ಟು ಲುಮೆನ್, ಎಷ್ಟು ಹೊತ್ತು ಎಂದು ದೊಡ್ಡದಾಗಿ ಕನ್ನಡದಲ್ಲಿ ಹಾಕಿ. ಹಬ್ ಡೈನಮೋ ಇರುವ ಚಕ್ರವನ್ನು ಚಿಕ್ಕಮಗಳೂರಿನ ಅಂಗಡಿಗೂ ತರಿಸಿ. ನನ್ನ ಹಾಗೆ ಕತ್ತಲಲ್ಲಿ ಹೊರಡುವ ಹಾಲಿನವರು, ತೋಟದ ಕೆಲಸದವರು ಎಷ್ಟೋ ಜನ ಇದ್ದಾರೆ.

ಬಿಲ್ ಮತ್ತು ಡಬ್ಬಿಯ ಫೋಟೋ ಲಗತ್ತಿಸಿದ್ದೇನೆ. 15 ದಿನದೊಳಗೆ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುತ್ತೇನೆ. ಅಲ್ಲಿಯೂ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕ,
ಆಲ್ದೂರು, ಚಿಕ್ಕಮಗಳೂರು ಜಿಲ್ಲೆ